ಎಡಗೈಯ ಎರಡಕ್ಷರ

ಈ ಸೀಮೆಯಲ್ಲಿ ಹೊಸಬರು ಸಿಕ್ಕರೆ ಯಾರೂ ಅಪ್ಪನ ಹೆಸರು ಕೇಳುವುದಿಲ್ಲ. ಯಾವ ಹಡಗು ಎಂದು ಕೇಳುತ್ತಾರೆ. ಬರೀ ಏಮಸ್ ಟಿಲ್ಲಿ ಎಂದರೆ ಯಾರೆಂದು ತಿಳಿದೀತು? ಲಾರ್ಡ್ ಪೆಂಬ್ರಿ ಹಡಗಿನ ಏಮಸ್ ಟಿಲ್ಲಿ ಎಂದರೆ ಸಿಡ್ನಿಯಿಂದ ಪರಮಟ್ಟಾದವರೆಗೆ ಹುಡುಕಿದರೂ ಒಬ್ಬನೇ. ಸರಕಾರದ ಪುಸ್ತಕದಲ್ಲಿ ಹಾಗೇ ಬರೆಯುತ್ತಾರೆ, ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದುವಾಗಲೂ ಹಾಗೇ ಓದುತ್ತಾರೆ. ನನ್ನ ಹಡಗು ಡಚೆಸ್ ಆಫ್ ಆರ್ವೆಲ್. ೧೮೩೩ರ ಫೆಬ್ರುವರಿಯಲ್ಲಿ ಬಂದು ಸೇರಿದೆವು. ಆ ವರ್ಷ ಬಂದ ಹೆಂಗಸರ ಹಡಗುಗಳಲ್ಲಿ ನಮ್ಮದೇ ಮೊದಲನೆಯದು.

ಹಡಗಿನಲ್ಲಿದ್ದ ಉಳಿದವರೆಲ್ಲ ಸಿಕ್ಕಿಬಿದ್ದು ಬಂದವರು. ಬೇಕೆಂದೇ ಸಿಕ್ಕಿಬಿದ್ದವಳು ನಾನೊಬ್ಬಳೇ. ಇದನ್ನು ಈಗ ಹೇಳಿಕೊಳ್ಳಲು ನನಗೇ ನಾಚಿಕೆ, ಆದರೂ ಹೇಳುತ್ತೇನೆ.

ನಾನು ಇಂಗ್ಲೆಂಡಿನ ಸಫಕ್ ಸೀಮೆಯ ಒಂದು ದೊಡ್ಡಮನೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದೆ. ಅಂಥ ಮನೆಗಳಲ್ಲಿ ಪ್ರತಿಯೊಂದು ಹಾಸು, ಪ್ರತಿಯೊಂದು ಟವಲಿನ ಮೂಲೆಯಲ್ಲೂ ಮನೆಯವರ ಹೆಸರಿನ ಅಕ್ಷರ ಇರಬೇಕು. ಕೆಂಪು ದಾರದಲ್ಲಿ ಒಂದರ ಮೇಲೊಂದು ಅಡ್ಡ ಬೀಳುವ ಸಣ್ಣ ಸಣ್ಣ ಕತ್ತರಿಗೀಟು ಹೊಲಿದು, ಆ ಗೀಟುಗಳನ್ನೇ ಸಾಲಾಗಿ ಜೋಡಿಸಿ ಅಕ್ಷರ ಮೂಡಿಸುತ್ತೇವೆ. ನನಗೆ ಓದು ಬರಹ ಬಾರದು. ಅಕ್ಷರ ಗೊತ್ತಿರುವುದು ನನ್ನ ಸೂಜಿಗೆ ಮಾತ್ರ. ಅಮ್ಮ ಒಂದು ಹಳೆಯ ಮಾದರಿ ಬಟ್ಟೆ ತೋರಿಸಿ ಕಲಿಸಿದ್ದಳು. ಆ ಬಟ್ಟೆಯಲ್ಲಿ 'ಸಿ' ಅಕ್ಷರದ ಕೆಳಗೆ ಹುಳು ತಿಂದು ತೂತಾಗಿತ್ತು. ಹಾಗಾಗಿ ನಾನು ಹೊಲಿಯುವ 'ಸಿ'ಯ ಕೆಳಬಾಗಿನಲ್ಲಿ ಇವತ್ತಿಗೂ ಒಂದು ಗೀಟು ಕಡಿಮೆ. ದೊಡ್ಡಮನೆಯ ಗುರುತಿನಲ್ಲೂ 'ಸಿ' ಇತ್ತು; ನಿನ್ನ 'ಸಿ'ಗೆ ಒಂದು ಹಲ್ಲು ಬಿದ್ದಿದೆ ಎಂದು ದೊಡ್ಡಮನೆಯ ಅಮ್ಮಾವ್ರು ನಗುತ್ತಿದ್ದರು.

ಏಮಸ್ ನನ್ನ ಗಂಡ. ಮದುವೆಯಾಗಿ ಒಂದೂವರೆ ವರ್ಷಕ್ಕೆ ಕುರಿ ಕದ್ದು ಸಿಕ್ಕಿಬಿದ್ದ. ಏಳು ವರ್ಷ ಗಡೀಪಾರಿನ ಶಿಕ್ಷೆಯಾಯಿತು; ಕಳ್ಳರನ್ನು ಹಡಗು ಹತ್ತಿಸಿ ಈ ಸೀಮೆಗೆ ಕಳಿಸುತ್ತಾರೆ. ಇಪ್ಸ್‌ವಿಚ್ ಜೈಲಿನ ಅಂಗಳದಲ್ಲಿ ಕೊನೆಯ ಸಲ ನೋಡಲು ಹೋದಾಗ ಅಂಗಿಯ ತೋಳು ಮಡಿಸಿ, ನಿನ್ನ ಹೆಸರು ಇಲ್ಲಿ ಚುಚ್ಚು ಎಂದ. ನನ್ನ ಹೊಲಿಗೆಯ ಸೂಜಿ ಜೇಬಿನಲ್ಲೇ ಇತ್ತು. ದೀಪದ ಮಸಿಯನ್ನು ಎಂಜಲಿನಲ್ಲಿ ಕಲಸಿ, ಅವನ ಎಡಗೈ ಮೇಲೆ ನನಗೆ ಬರುವ ರೀತಿಯಲ್ಲೇ ಹಚ್ಚೆ ಚುಚ್ಚಿದೆ. ಎಚ್, ಸಿ. ಹೆಸ್ಟರ್ ಕ್ರೇನ್. ಮದುವೆಗೆ ಮುಂಚಿನ ನನ್ನ ಹೆಸರು ಅದು. ನನ್ನ ಬಟ್ಟೆಗಳಿಗೆಲ್ಲ ಆ ಗುರುತನ್ನೇ ಹಾಕಿಕೊಳ್ಳುತ್ತಿದ್ದೆ. ಚುಚ್ಚುವಷ್ಟು ಹೊತ್ತೂ ಅವನು ಒಂದು ಸಲವೂ ಕೈ ಎಳೆದುಕೊಳ್ಳಲಿಲ್ಲ. ಅತ್ತವಳು ನಾನು.

ಅವನು ಈ ಕಡೆ ಬಂದ ಎರಡನೇ ವರ್ಷ ಒಂದು ಕಾಗದ ಬಂತು. ಯಾರ ಕೈಯಲ್ಲೋ ಬರೆಸಿದ್ದ. ನಮ್ಮೂರಿನ ಪಾದ್ರಿ ಓದಿ ಹೇಳಿದರು: ಹೇಗಾದರೂ ಮಾಡಿ ಬಾ, ನೀನಿಲ್ಲದೆ ಇಲ್ಲಿ ದಿನ ಹೋಗುವುದಿಲ್ಲ. ಹೇಗಾದರೂ ಎಂದರೆ ಹೇಗೆ? ಬಡವರಿಗೆ ಈ ಊರಿಗೆ ಬರಲು ಒಂದೇ ದಾರಿ ಗೊತ್ತಿತ್ತು. ದೊಡ್ಡಮನೆಯ ಎರಡು ಹಾಸು ಕಂಕುಳಲ್ಲಿ ಇಟ್ಟುಕೊಂಡು ಹಾಡುಹಗಲೇ ಸಂತೆಗೆ ನಡೆದೆ. ಯಾರೂ ಹಿಡಿಯಲಿಲ್ಲ. ಸಂತೆಯಲ್ಲಿ ಕಾನ್‌ಸ್ಟೇಬಲ್ ಮುಂದೆಯೇ ಬಿಡಿಸಿ ಮಾರಾಟಕ್ಕೆ ಕೂತ ಮೇಲೆ ಹಿಡಿದರು. ಕೋರ್ಟಿನಲ್ಲಿ ಅಮ್ಮಾವ್ರು ಹಲ್ಲು ಬಿದ್ದ 'ಸಿ' ತೋರಿಸಿ, ಇದು ನಮ್ಮ ಮನೆಯದೇ, ಇವಳ ಕೈಯದೇ ಗುರುತು ಎಂದು ಸಾಕ್ಷಿ ಹೇಳಿದರು. ಜಡ್ಜ್ ಏಳು ವರ್ಷ ಎಂದಾಗ ನಾನು ತುಂಬಾ ಉಪಕಾರವಾಯಿತು ಸ್ವಾಮಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

ನಾಲ್ಕು ತಿಂಗಳ ಸಮುದ್ರ ಪ್ರಯಾಣದ ಮೇಲೆ ಸಿಡ್ನಿ ಬಂತು. ಇಳಿಸುವ ಮೊದಲು ಹಡಗಿನಲ್ಲೇ ಹಾಜರಿ ತೆಗೆದುಕೊಳ್ಳುತ್ತಾರೆ. ಗುಮಾಸ್ತ ಮೇಜು ಹಾಕಿಕೊಂಡು ಕೂತು ಹೆಸರು, ವಯಸ್ಸು, ಕಸುಬು, ಮದುವೆಯಾಗಿದೆಯೇ ಇಲ್ಲವೇ ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳುತ್ತಾನೆ. ನನ್ನ ಹಿಂದೆ ಡಾರ್ಕಸ್ ರಡ್ ನಿಂತಿದ್ದಳು. ಲಂಡನ್ನಿನವಳು, ಬಾಯಿ ಬಹಳ. ಅವಳ ಅಕ್ಕ ಮೊದಲೇ ಇಲ್ಲಿಗೆ ಬಂದಿದ್ದರಿಂದ ಎಲ್ಲ ಗುಟ್ಟೂ ತಿಳಿದಿತ್ತು. ನನ್ನ ಸೊಂಟ ತಿವಿದು ಕಿವಿಯಲ್ಲಿ ಹೇಳಿದಳು.

"ವಿಧವೆ ಅನ್ನು ಕಣೇ. ಇಲ್ಲಿ ಇಳಿಯೋರೆಲ್ಲ ವಿಧವೆಯರೇ. ಗಂಡ ಬದುಕಿದಾನೆ ಅಂತ ಒಂದ್ಸಲ ಬರಸ್ಕೊಂಡ್ಯೋ, ನಾಳೆ ಒಳ್ಳೇವ್ನು ಸಿಕ್ರೂ ಮದ್ವೆಗೆ ಅಪ್ಪಣೆ ಸಿಗಲ್ಲ."

"ನನ್ ಗಂಡ ಇಲ್ಲೇ ಇದಾನೆ" ಎಂದೆ.

"ಅಯ್ಯೋ ಮಾರಾಯ್ತಿ, ಎಲ್ಲಾದ್ರೂ ಇರ್ಲಿ. ಪುಸ್ತಕದಲ್ಲಿ ಸಾಯ್ಸು."

ನಾನು ಅವಳ ಮಾತಿಗೆ ಸೊಪ್ಪು ಹಾಕಲಿಲ್ಲ. ಮದುವೆಯಾಗಿದೆ, ಗಂಡ ಲಾರ್ಡ್ ಪೆಂಬ್ರಿ ಹಡಗಿನ ಏಮಸ್ ಟಿಲ್ಲಿ ಎಂದು ಗಂಟಲು ಬಿಚ್ಚಿ ಹೇಳಿದೆ. ಗುಮಾಸ್ತ ತಲೆ ಎತ್ತದೆ ಬರೆದುಕೊಂಡ. ನನ್ನ ಮುಖದಲ್ಲಿ ಅಂದು ಎಂಥ ಜಂಬವಿತ್ತೋ. ಡಾರ್ಕಸ್ ಅದನ್ನು ಇವತ್ತಿಗೂ ಆಡಿ ತೋರಿಸುತ್ತಾಳೆ.

ನಮ್ಮನ್ನು ದೋಣಿಯಲ್ಲಿ ಹೊಳೆಯ ಮೇಲಕ್ಕೆ ಪರಮಟ್ಟಾಕ್ಕೆ ಕರೆದೊಯ್ದು ಫ್ಯಾಕ್ಟರಿಗೆ ಸೇರಿಸಿದರು. ಹೆಸರಿಗೆ ಫ್ಯಾಕ್ಟರಿ, ಎತ್ತರದ ಗೋಡೆಯೊಳಗೆ ಹೆಂಗಸರ ಜೈಲು. ಯಾರಾದರೂ ಮನೆಗೆಲಸಕ್ಕೆ ಕೇಳಿದರೆ, ಇಲ್ಲವೇ ಗಂಡ ಬಂದು ಕೇಳಿದರೆ ಹೊರಗೆ ಕಳಿಸುತ್ತಾರೆ. ನನಗೆ ಒಗೆಯುವ, ಗುರುತು ಹೊಲಿಯುವ ಕೆಲಸ ಕೊಟ್ಟರು. ಏಮಸ್‌ಗೆ ಸುದ್ದಿ ಹೋಗಿದೆ, ಅವನಿಗೆ ಈಗ ಚೀಟಿ ಸಿಕ್ಕಿದೆ ಎಂದು ನಮ್ಮ ಮೇಲ್ವಿಚಾರಣೆಯ ಮೇಟ್ರನ್ ಅಮ್ಮ ಹೇಳಿದರು. ಚೀಟಿ ಸಿಕ್ಕ ಕೈದಿ ಜಿಲ್ಲೆ ಬಿಟ್ಟು ಹೋಗುವಂತಿಲ್ಲ, ಆದರೆ ತನಗೆ ಬೇಕಾದ ಕಡೆ ದುಡಿಯಬಹುದು. ಅವನು ಇದೇ ಊರಿನ ಬೇಕರಿಯವನಾದ ಕಾಬ್ ಎಂಬುವನ ಹತ್ತಿರ ಇದ್ದ. ಗೋಡೆಯಿಂದ ಒಂದು ಮೈಲಿಯೂ ಇಲ್ಲ. ಗಾಳಿ ಆ ಕಡೆಯಿಂದ ಬಂದರೆ ರೊಟ್ಟಿಯ ವಾಸನೆ ಬರುತ್ತಿತ್ತು. ಅದನ್ನು ಮೂಗಿನ ತುಂಬ ಎಳೆದುಕೊಂಡು, ಇವತ್ತು ಬರುತ್ತಾನೆ ಎಂದುಕೊಳ್ಳುತ್ತಿದ್ದೆ. ಎಂಟು ವಾರ ಹಾಗೆಯೇ ಕಳೆದವು.

ಏಪ್ರಿಲ್‌ನಲ್ಲಿ ಬಂದ. ಮೈ ತುಂಬಿಕೊಂಡಿದ್ದ, ಬಟ್ಟೆಯೂ ಚೆನ್ನಾಗಿತ್ತು. ಚಹಾ ಸೊಪ್ಪು, ಸಕ್ಕರೆಯ ಪೊಟ್ಟಣ ತಂದಿದ್ದ. ಭೇಟಿಯ ಕೋಣೆಯಲ್ಲಿ ನನ್ನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದ. ಆ ಕಣ್ಣೀರು ನಿಜವೋ ಸುಳ್ಳೋ ಎಂಬುದು ನನಗೆ ಈಗಲೂ ಬಗೆಹರಿದಿಲ್ಲ. ಅತ್ತು ಮುಗಿಸಿ ಮೆಲ್ಲಗೆ ವಿಷಯಕ್ಕೆ ಬಂದ. ಚೀಟಿಯವನಿಗೆ ಸ್ವಂತ ಮನೆ ಇಲ್ಲದಿದ್ದರೆ ಹೆಂಡತಿಯನ್ನು ಬಿಟ್ಟುಕೊಡುವುದಿಲ್ಲ, ವರ್ಷಗಟ್ಟಲೆ ಅಲೆಸುತ್ತಾರೆ. ಜೊತೆಗೆ ತಾನು ಬಂದ ದಿನ ತಿಳಿಯದೆ ಅವಿವಾಹಿತ ಎಂದು ಬರೆಸಿಬಿಟ್ಟಿದ್ದಾನಂತೆ, ಈಗ ಹೆಂಡತಿ ಎಂದರೆ ಸುಳ್ಳು ಹೇಳಿದ್ದಕ್ಕೆ ಚೀಟಿ ಕಿತ್ತುಕೊಳ್ಳುತ್ತಾರೆ ಎಂದ.

"ತಂಗಿ ಅಂತ ಹೇಳ್ಬಿಡು ಹೆಸ್ಟರ್. ಭಯಕ್ಕೆ ಹೆಂಡ್ತಿ ಅಂದ್ಬಿಟ್ಟೆ ಅನ್ನು. ತಂಗಿ ಆದ್ರೆ ಕಾಬ್ ಯಜಮಾನ್ರು ಒಂದು ಕಾಗದ ಕೊಟ್ರೆ ಸಾಕು, ಮನೆಗೆಲಸಕ್ಕೆ ಅಂತ ಬಿಟ್ಬಿಡ್ತಾರೆ. ಒಂದ್ಸಲ ಹೊರಗ್ ಬಾ, ಆಮೇಲೆ ಎಲ್ಲ ಸರಿ ಮಾಡೋಣ."

ನನ್ನ ಮನಸ್ಸು ಒಪ್ಪಲಿಲ್ಲ, ಆದರೆ ಅವನ ಮುಖ ನೋಡಿದರೆ ಎಲ್ಲಕ್ಕೂ ಒಪ್ಪುವ ಚಾಳಿ ನನ್ನದು. ಅವನಿಗಾಗಿ ಕದ್ದವಳಿಗೆ ಒಂದು ಸುಳ್ಳು ಹೆಚ್ಚೇ? ಮೇಟ್ರನ್ ಅಮ್ಮ ಕಾಗದ ಬರೆಸಿ, ಎರಡೆರಡು ಸಲ ಓದಿ ಹೇಳಿದರು: ಹೆಸ್ಟರ್ ಟಿಲ್ಲಿ, ಅವಿವಾಹಿತೆ, ಏಮಸ್ ಟಿಲ್ಲಿಯ ತಂಗಿ. ಯೋಚನೆ ಮಾಡಿದ್ದೀಯೇನೇ ಎಂದೂ ಕೇಳಿದರು. ನಾನು ಪೆನ್ನು ತೆಗೆದುಕೊಂಡು, ರುಜು ಬಾರದವರು ಹಾಕುವ ಕತ್ತರಿಗೀಟು ಹಾಕಿದೆ. ಬಟ್ಟೆಯ ಮೇಲೆ ಸಾವಿರ ಸಲ ಹಾಕಿದ ಗೀಟು ಅದು.

ಡಾರ್ಕಸ್‌ಗೆ ಹೇಳಿದಾಗ ಸೋಪಿನ ಕೈಯನ್ನು ಹಣೆಗೆ ಬಡಿದುಕೊಂಡಳು. "ವಿಧವೆ ಅನ್ನು ಅಂದ್ರೆ ಮೂಗು ಮುರಿದೆ. ಈಗ ತಂಗಿ ಆಗಿ ಬಂದ್ಯಾ? ಒಳ್ಳೇ ಬಡ್ತಿ ಸಿಕ್ತು ಬಿಡು" ಎಂದಳು. ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ಕಾಬ್ ಯಜಮಾನರ ಕಾಗದ ಬರಲಿಲ್ಲ. ಮೇ ತಿಂಗಳಲ್ಲಿ ಎರಡನೇ ಹಡಗು ಬಂತು, ಹೊಸ ಹೆಂಗಸರು ತುಂಬಿಕೊಂಡರು. ಅವರಿಗೆ ನೀರು ಎಲ್ಲಿ, ಬಟ್ಟೆ ಎಲ್ಲಿ ಎಂದು ತೋರಿಸಿಕೊಟ್ಟೆ. ಇನ್ನೇನು ನಾನು ಹೊರಡುವವಳೇ ಎಂದು ಅವರಿಗೂ ಹೇಳಿದ್ದೆ. ಆಗಸ್ಟ್‌ನಲ್ಲಿ ಮೂರನೇ ಹಡಗು ಬಂತು. ಆ ಹೊತ್ತಿಗೆ ಎರಡನೇ ಹಡಗಿನವರೇ ನನ್ನನ್ನು ಅಣಕಿಸುತ್ತಿದ್ದರು, ಅಣ್ಣ ಬಂದನೇನಮ್ಮ ಎಂದು.

ಪ್ರತಿ ಭಾನುವಾರ ನಮ್ಮನ್ನು ಸಾಲಾಗಿ ಚರ್ಚಿಗೆ ನಡೆಸಿಕೊಂಡು ಹೋಗುತ್ತಾರೆ. ಹಿಂದಿನ ಬೆಂಚುಗಳು ನಮ್ಮವು. ಸೆಪ್ಟೆಂಬರಿನ ಮೊದಲ ಭಾನುವಾರ ಪಾದ್ರಿಗಳು ಮದುವೆಯ ಪ್ರಕಟಣೆ ಓದಿದರು. ಏಮಸ್ ಟಿಲ್ಲಿ ಎಂಬ ಹೆಸರು ಕೇಳಿ, ಬೇರೆ ಯಾರೋ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಲಾರ್ಡ್ ಪೆಂಬ್ರಿ ಹಡಗಿನವನು ಎಂದು ಓದಿಬಿಟ್ಟರು. ಹಡಗಿನ ಹೆಸರು ಇಲ್ಲದಿದ್ದರೆ ಇನ್ನೊಂದು ವಾರವಾದರೂ ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೆ. ಹುಡುಗಿ ಇದೇ ಊರಿನಲ್ಲಿ ಹುಟ್ಟಿದವಳು, ಬೇಕರಿಯ ಕಾಬ್‌ನ ಮಗಳು, ಹ್ಯಾನಾ ಕಾಬ್. ಇದಕ್ಕೆ ಅಡ್ಡಿ ಗೊತ್ತಿರುವವರು ಮೂರು ಭಾನುವಾರದೊಳಗೆ ಹೇಳಬೇಕು ಎಂದು ಓದಿ ಮುಗಿಸಿದರು. ನಾನು ಎದ್ದು ನಿಲ್ಲಲಿಲ್ಲ.

ಮಾರನೇ ದಿನ ಮೇಟ್ರನ್ ಅಮ್ಮನ ಮುಂದೆ ನಿಂತು, ಅವನು ನನ್ನ ಗಂಡ ಎಂದೆ. ಅವರು ಪುಸ್ತಕ ತೆರೆದು ನನ್ನದೇ ಕತ್ತರಿಗೀಟಿನ ಮೇಲೆ ಬೆರಳಿಟ್ಟರು. ಒಂದು ಸಲ ಹೆಂಡತಿ, ಒಂದು ಸಲ ತಂಗಿ, ಈಗ ಮತ್ತೆ ಹೆಂಡತಿ. ಯಾವುದನ್ನು ನಂಬಲಿ ಎಂದು ಕೇಳಿದರು. ಇಂಗ್ಲೆಂಡಿಗೆ ಬರೆದು ಕೇಳಬಹುದಂತೆ, ಉತ್ತರ ಬರಲು ಹತ್ತು ತಿಂಗಳಾದರೂ ಬೇಕಂತೆ. ಅವರು ಕೆಟ್ಟವರಲ್ಲ. ಅವರ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಎರಡನೇ ಭಾನುವಾರವೂ ಪ್ರಕಟಣೆ ಕೇಳಿಕೊಂಡು ಕೂತೆ. ಗುರುವಾರ ಏಮಸ್ ತಾನಾಗಿಯೇ ಬಂದ. ಈ ಸಲ ಪೊಟ್ಟಣ ಇರಲಿಲ್ಲ, ಕಣ್ಣೀರೂ ಇರಲಿಲ್ಲ. ಸುಮ್ಮನಿದ್ದರೆ ನನಗೊಂದು ಒಳ್ಳೆಯ ಮನೆಯಲ್ಲಿ ಕೆಲಸ ಕೊಡಿಸುತ್ತಾನಂತೆ. ಬಾಯಿ ಬಿಟ್ಟರೆ ಅವನ ಕಾಲಿಗೆ ಸಂಕೋಲೆ, ಸುಳ್ಳು ಕಾಗದಕ್ಕೆ ಗೀಟು ಹಾಕಿದ್ದಕ್ಕೆ ನನ್ನ ತಲೆ ಬೋಳು. ಇಬ್ಬರೂ ಹಾಳಾಗುವುದು ಯಾಕೆ ಎಂದ. ವ್ಯಾಪಾರ ಮಾತಾಡುವವನ ಧಾಟಿಯಲ್ಲೇ ಹೇಳಿದ.

"ಹಾಗಾದ್ರೆ ಬಾ ಅಂತ ಊರಿಗೆ ಆ ಕಾಗದ ಯಾಕ್ ಬರೆಸ್ದೆ?" ಎಂದು ಕೇಳಿದೆ.

"ಆಗ ನಿಜವಾಗ್ಲೂ ನೀನು ಬೇಕು ಅನ್ನಿಸ್ತಿತ್ತು."

"ಬಂದೆನಲ್ಲ."

ಅವನು ಕೈಯಲ್ಲಿದ್ದ ಟೋಪಿ ತಿರುಗಿಸಿದ. "ಎಲ್ರೂ ಹಂಗೇ ಬರೆಸ್ತಾರೆ ಹೆಸ್ಟರ್. ನಮ್ ಹಡಗಿನೋರೆಲ್ಲ ಬರೆಸಿದ್ರು. ಯಾರ ಹೆಂಡ್ತೀನೂ ಬರ್ಲಿಲ್ಲ. ನೀನು ಬಂದ್ಬಿಡ್ತೀಯ ಅಂತ ನಾನೇನ್ ಕನಸು ಕಂಡಿದ್ನಾ?"

ನನಗೆ ಸಿಟ್ಟು ಬಂದದ್ದು ಆಗ. ಬೇರೆ ಹುಡುಗಿಯನ್ನು ಬಯಸಿದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ನಾಲ್ಕು ವರ್ಷ, ಹದಿನಾರು ಸಾವಿರ ಮೈಲಿ, ಯಾರಿಗೆ ತಾನೆ ಆಸೆ ಬದಲಾಗುವುದಿಲ್ಲ? ಆದರೆ ನಾನು ಬಂದದ್ದೇ ತಪ್ಪು ಎನ್ನುವಂತೆ ನನ್ನ ಮುಖಕ್ಕೇ ಹೇಳಿದನಲ್ಲ. ಹೋಗು ಎಂದೆ. ಸುಮ್ಮನಿರುತ್ತಾಳೆ ಎಂದು ತಿಳಿದುಕೊಂಡು ನೆಮ್ಮದಿಯಾಗಿ ಹೋದ.

ಮೂರನೇ ಭಾನುವಾರ ಮುಂದಿನ ಬೆಂಚಿನಲ್ಲಿ ಅವನೂ ಇದ್ದ, ಪಕ್ಕದಲ್ಲಿ ಕಾಬ್, ಆಚೆ ಹ್ಯಾನಾ. ಹದಿನೇಳರ ಹುಡುಗಿ, ಕುತ್ತಿಗೆಯ ಮೇಲೆ ಬಿಸಿಲಿನ ಮಚ್ಚೆಗಳು. ಪ್ರಕಟಣೆ ಓದಿ ಮುಗಿಯುತ್ತಲೇ ನಾನು ಎದ್ದು ನಿಂತು, ಅಡ್ಡಿ ಇದೆ ಸ್ವಾಮಿ, ಅವನು ನನ್ನ ಗಂಡ ಎಂದೆ. ಇಡೀ ಚರ್ಚು ಹಿಂದಕ್ಕೆ ತಿರುಗಿತು.

ಏಮಸ್ ಗಾಬರಿಯಾಗಲಿಲ್ಲ. ನಿಧಾನವಾಗಿ ಎದ್ದು, "ನನ್ ತಂಗಿ ಸ್ವಾಮಿ. ಹಡಗಲ್ಲಿ ಬಂದಾಗಿಂದ ಪಾಪ ತಲೆ ಸರಿ ಇಲ್ಲ. ಅವಳೇ ಗೀಟು ಹಾಕಿರೋ ಕಾಗದ ಫ್ಯಾಕ್ಟರಿಲಿದೆ" ಎಂದ. ಯಾರೋ ಕಿಸಕ್ಕನೆ ನಕ್ಕರು. ಪಾದ್ರಿಗಳು ನನ್ನನ್ನು ಕರುಣೆಯಿಂದ ನೋಡಿದರು. ಆ ಕರುಣೆ ನನಗೆ ಬೇಡವಾಗಿತ್ತು.

ಅವನ ಎಡಗೈ ನೋಡಿ ಎಂದೆ. ಅಲ್ಲಿ ನನ್ನ ಹೆಸರಿದೆ, ಎಚ್, ಸಿ, ಹೆಸ್ಟರ್ ಕ್ರೇನ್, ಚುಚ್ಚಿದವಳೂ ನಾನೇ ಎಂದೆ.

ಆಗ ಹ್ಯಾನಾ ಎದ್ದಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ. ನಾದಿನಿಗೆ ಬುದ್ಧಿ ಸರಿಯಿಲ್ಲ ಎಂದು ಮನೆಯಲ್ಲಿ ಹೇಳಿ ತಯಾರು ಮಾಡಿದ್ದರೋ ಏನೋ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದಳು: "ಅದು ನನ್ ಹೆಸರು ಕಣಕ್ಕ. ಹ್ಯಾನಾ ಕಾಬ್. ನನಗೋಸ್ಕರ ಅಂತಾನೇ ಚುಚ್ಚಿಸ್ಕೊಂಡಿದಾರೆ."

ಮನೆ, ಊರು, ಮಾನ ಎಲ್ಲ ಬಿಟ್ಟು ಬಂದವಳ ಹತ್ತಿರ ಅವನ ಚರ್ಮದ ಮೇಲಿನ ಎರಡಕ್ಷರ ಒಂದೇ ಉಳಿದಿತ್ತು. ಅದನ್ನೂ ಬೇರೆಯವಳಿಗೆ ಕೊಟ್ಟಿದ್ದ. ಹೊಸದಾಗಿ ಚುಚ್ಚಿಸಿಕೊಳ್ಳುವ ನೋವೂ ಪಡದೆ, ಇದ್ದದ್ದನ್ನೇ ದಾಟಿಸಿಬಿಟ್ಟಿದ್ದ.

ಏನು ಮಾಡಬೇಕೆಂದು ತೋಚದೆ ಕೈ ಕುತ್ತಿಗೆಗೆ ಹೋಯಿತು. ಅಲ್ಲಿ ನನ್ನ ಕೊರಳವಸ್ತ್ರ ಇತ್ತು, ಊರಿನಿಂದ ತಂದದ್ದು. ಬಿಚ್ಚಿ ಪಕ್ಕದಲ್ಲಿದ್ದ ಡಾರ್ಕಸ್ ಕೈಗೆ ಕೊಟ್ಟೆ. ಅವಳು ಮುಂದಿನವಳಿಗೆ ಕೊಟ್ಟಳು. ಬೆಂಚಿನಿಂದ ಬೆಂಚಿಗೆ, ಕೈದಿಗಳ ಕೈಯಿಂದ ಮರ್ಯಾದಸ್ಥರ ಕೈಗೆ ದಾಟಿ ಹ್ಯಾನಾಳ ಹತ್ತಿರ ತಲುಪಿತು.

"ಮೂಲೆ ನೋಡಮ್ಮ. 'ಸಿ' ಕೆಳಗೆ ಒಂದು ಗೀಟು ಇಲ್ಲ. ನನ್ ಕೈಯಲ್ಲಿ ಯಾವಾಗ್ಲೂ ಅಷ್ಟೇ ಬರೋದು" ಎಂದೆ.

ಅವಳು ಮೂಲೆಯನ್ನು ಬೆರಳಿನಿಂದ ಸವರಿ ನೋಡಿದಳು. ಆ ಹಚ್ಚೆಯ ಮೇಲೆ ಎಷ್ಟು ಸಲ ಹಾಗೆಯೇ ಬೆರಳಾಡಿಸಿದ್ದಳೋ. ಕುತ್ತಿಗೆಯ ಮಚ್ಚೆಗಳೆಲ್ಲ ಕೆಂಪಾಗುತ್ತ ಹೋದವು. ಅಪ್ಪನನ್ನು ದಾಟಿ ಏಮಸ್‌ನ ಎಡಗೈ ಹಿಡಿದು, ತೋಳಿನ ಗುಂಡಿ ತಾನೇ ಬಿಚ್ಚಿ, ಬಟ್ಟೆಯನ್ನು ಅಕ್ಷರಗಳ ಪಕ್ಕ ಇಟ್ಟಳು. ಸಣ್ಣ ಸಣ್ಣ ಕತ್ತರಿಗೀಟು, ಒಂದು ಕಡಿಮೆ. ಇದನ್ನು ಯಾವಾಗ ಚುಚ್ಚಿಸಿಕೊಂಡೆ ಎಂದು ಕೇಳಿದಳು. ಅವನು ಪಾದ್ರಿಗಳ ಕಡೆ ನೋಡಿದ, ಕಾಬ್‌ನ ಕಡೆ ನೋಡಿದ, ಅವಳ ಕಡೆ ನೋಡಲಿಲ್ಲ. ಅವಳು ನನ್ನ ಕೊರಳವಸ್ತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ನಡೆದುಬಿಟ್ಟಳು.

ಆಮೇಲೆ ಸಿಡ್ನಿಯಿಂದ ಲಾರ್ಡ್ ಪೆಂಬ್ರಿಯ ಪುಸ್ತಕ ತೆಗೆಸಿ ನೋಡಿದರು. ಹಡಗಿನಿಂದ ಇಳಿದ ದಿನ ಕೈದಿಗಳ ಮೈಮೇಲಿನ ಗುರುತುಗಳನ್ನೂ ಬರೆದಿಟ್ಟಿರುತ್ತಾರೆ. ಎಡಗೈ ಮೇಲೆ ಎಚ್, ಸಿ, ಗೀಟು ಗೀಟಾಗಿ, ೧೮೨೯. ಆಗ ಹ್ಯಾನಾಗೆ ಹದಿಮೂರು ವರ್ಷ. ಏಮಸ್‌ನ ಚೀಟಿ ಹೋಯಿತು, ಕಾಲಿಗೆ ಸಂಕೋಲೆ ಹಾಕಿ ರಸ್ತೆ ಕೆಲಸಕ್ಕೆ ಕಳಿಸಿದರು. ಸುಳ್ಳು ಕಾಗದಕ್ಕೆ ನನ್ನ ತಲೆ ಬೋಳಿಸಿ ಮೂರು ತಿಂಗಳು ಕಲ್ಲು ಒಡೆಯಲು ಹಾಕಿದರು. ನಾನು ಗೊಣಗಲಿಲ್ಲ. ಒಂದು ದಿನ ಬಾಗಿಲ ಹತ್ತಿರ ಯಾರೋ ಕೊಟ್ಟುಹೋದರು ಎಂದು ಕೊರಳವಸ್ತ್ರ ಬಂತು. ಒಗೆದು, ಇಸ್ತ್ರಿ ಮಾಡಿ, ಗುರುತು ಮೇಲೆ ಕಾಣುವಂತೆ ಮಡಿಸಿತ್ತು.

ಡಿಸೆಂಬರಿನ ಕೊನೆಯಲ್ಲಿ ನಾಲ್ಕನೇ ಹಡಗು ಬಂದಾಗ ಫ್ಯಾಕ್ಟರಿಯಲ್ಲಿ ಎಲ್ಲರ ಹಾಜರಿ ಹೊಸದಾಗಿ ಬರೆದುಕೊಂಡರು. ನನ್ನ ತಲೆಯಲ್ಲಿ ಎರಡು ಬೆರಳು ಕೂದಲು ಬಂದಿತ್ತು. ನನ್ನ ಸರದಿ ಬಂದಾಗ ಮೇಟ್ರನ್ ಅಮ್ಮ, ನಿನ್ನ ಅದೃಷ್ಟ ಕಣೆ, ಗಂಡ ಬಂದಿದ್ದಾನೆ ಎಂದರು. ಹೆಂಡತಿ ಇದ್ದಾಳೆಂದು ಸಾಬೀತಾದ ಮೇಲೆ ಅವನು ಅರ್ಜಿ ಹಾಕಿದ್ದನಂತೆ. ಹೆಂಡತಿಯ ಜೊತೆ ಸಂಸಾರ ಹೂಡುವವನಿಗೆ ಸಂಕೋಲೆ ಬಿಚ್ಚಿ ಒಳನಾಡಿನ ಜಮೀನಿಗೆ ಕಳಿಸುತ್ತಾರಂತೆ. ನಾನು ಹ್ಞೂಂ ಎಂದರೆ ಇಬ್ಬರಿಗೂ ಬಿಡುಗಡೆ.

ಮೇಜಿನ ಆಚೆ ಏಮಸ್ ನಿಂತಿದ್ದ. ಸೊರಗಿದ್ದ, ಕಾಲಿನ ಗಂಟುಗಳಲ್ಲಿ ಹುಣ್ಣು. ಅಂಗಿಯ ಎಡತೋಳನ್ನು ಮೊಣಕೈವರೆಗೆ ಮಡಿಸಿಕೊಂಡಿದ್ದ, ಎರಡಕ್ಷರವೂ ಎಲ್ಲರಿಗೂ ಕಾಣುವ ಹಾಗೆ. ನನ್ನನ್ನು ನೋಡಿ ನಕ್ಕ. ನಿಜ ಹೇಳುತ್ತೇನೆ, ಆ ನಗುವಿಗೆ ಎದೆಯಲ್ಲಿ ಏನೋ ಅಲುಗಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಗುಮಾಸ್ತ ಅಂದು ಹಡಗಿನಲ್ಲಿ ಕೂತಿದ್ದವನೇ. ಹೆಸರು ಕೇಳಿದ, ಹಡಗು ಕೇಳಿದ. ಮದುವೆಯಾಗಿದೆಯೋ ಇಲ್ಲವೋ ಎಂದು ಕೇಳಿದ.

"ವಿಧವೆ" ಎಂದೆ.

ಗುಮಾಸ್ತ ತಲೆ ಎತ್ತಿದ. "ಗಂಡ ಎದುರಿಗೇ ನಿಂತಿದಾನಲ್ಲಮ್ಮ" ಎಂದ.

"ಇವ್ರು ಯಾರೋ ನಂಗೊತ್ತಿಲ್ಲ ಸ್ವಾಮಿ. ನನ್ ಗಂಡ ಇಪ್ಸ್‌ವಿಚ್ ಜೈಲಿನ ಅಂಗಳದಲ್ಲೇ ತೀರ್ಕೊಂಡ. ಬರ್ಕೊಳ್ಳಿ."

ಹಿಂದೆ ಡಾರ್ಕಸ್ ಕೆಮ್ಮಿದಳು. ಗುಮಾಸ್ತ ನನ್ನನ್ನೊಮ್ಮೆ, ಆ ಕೈಯನ್ನೊಮ್ಮೆ ನೋಡಿ, ಪೆನ್ನು ಅದ್ದಿ ಏನೋ ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದ. ಅವನು ಏನು ಬರೆದನೋ, ಓದಲು ನನಗೆ ಬಾರದು. ಕೆಳಗೆ ನನ್ನ ಕತ್ತರಿಗೀಟು ಹಾಕಿ ಮುಂದೆ ನಡೆದೆ.